ಅತ್ತೆ ಆರಿಸಿದ ಊರುಗಳು

ಸೃಷ್ಟಿಯ ಕೆಲಸ ನಡೆಯುವಾಗ ದೇವರು ನಮ್ಮ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳದೆ ಇದ್ದದ್ದು ಬಹಳ ಒಳ್ಳೆಯದಾಯಿತು! ಕೂರಿಸಿಕೊಂಡಿದ್ದರೆ ಇವತ್ತಿಗೂ ಆಕಾಶದ ಕೆಲಸವೇ ಮುಗಿದಿರುತ್ತಿರಲಿಲ್ಲ. "ಆ ಮೂಲ್ಯಾಗಿನ ಚುಕ್ಕಿ ಮಸಕ ಐತ್ರಿ, ತಗದ ಒಗೀರಿ" ಎಂದು ಅವನ ಕೈ ಹಿಡಿದಿರುತ್ತಿದ್ದಳು. ಮನುಷ್ಯರನ್ನು ಮಾಡುವ ಹೊತ್ತಿಗೆ ದೇವರೇ ಬೇಸತ್ತು ಎದ್ದು ಹೋಗಿರುತ್ತಿದ್ದ. ಅಂಥವಳ ಜೊತೆ ನಾನು ನಾಲ್ಕು ಪ್ರವಾಸ ಮಾಡಿದ್ದೇನೆ. ಊರು ನೋಡಲು ಹೋಗುವವರಿಗೆ ನಾಲ್ಕು ಸಲಹೆ ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇನೆ ಅಂತ ಹೇಳಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ, ಬರೆಯದೆ ಇರಲು ಆಗುತ್ತಿಲ್ಲ.

ಅತ್ತೆ ಎಂದ ಕೂಡಲೇ ಗಂಡನ ತಾಯಿ ಎಂದುಕೊಳ್ಳಬೇಡಿ. ನನಗೆ ಗಂಡನಿಲ್ಲ. ಅದಕ್ಕೂ ಈ ಅತ್ತೆಯೇ ಕಾರಣ, ಆ ಕಥೆ ಸ್ವಲ್ಪ ತಡೆದು ಹೇಳುತ್ತೇನೆ. ಇವಳು ನನ್ನ ಅಪ್ಪನ ಅಕ್ಕ. ನಾನು ನಾಲ್ಕು ವರ್ಷದವಳಿದ್ದಾಗ ಅವ್ವ ತೀರಿಕೊಂಡಳು. ಮಕ್ಕಳಿಲ್ಲದ, ಗಂಡನೂ ಇಲ್ಲದ ಅತ್ತೆ ನನ್ನನ್ನು ಎತ್ತಿಕೊಂಡು ತಿಕೋಟಾಕ್ಕೆ ಹೋದಳು. ಈಗ ನಾನು ಬಬಲೇಶ್ವರದ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ, ಮನೆ ಮಾಡಿರುವುದು ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಪಕ್ಕ. ಅತ್ತೆ ತಿಕೋಟಾ ಬಿಡಲಿಲ್ಲ. ಹೀಗಾಗಿ ನನ್ನ ಅರ್ಧ ಆಯುಷ್ಯ ಮೂರು ಬಸ್ ನಿಲ್ದಾಣಗಳಲ್ಲಿ ಕಳೆದಿದೆ.

ತಿಕೋಟಾದ ಸುತ್ತ ದ್ರಾಕ್ಷಿ ತೋಟಗಳು. ಒಣಗಿಸಿದ ದ್ರಾಕ್ಷಿ, ಅಂದರೆ ನಮ್ಮ ಕಡೆಯ ಮಣೂಕ, ಪೇಟೆಗೆ ಹೋಗುವ ಮೊದಲು ಹೆಂಗಸರ ಕೈ ದಾಟಿ ಹೋಗಬೇಕು. ಹಸಿರು ರಾಶಿಯೊಳಗಿನ ಕಪ್ಪು ಕಾಳು, ಅಂಟಿಕೊಂಡ ಕಡ್ಡಿ, ತಲೆಮರೆಸಿಕೊಂಡು ಕೂತ ಹರಳು, ಇವನ್ನು ಹುಡುಕಿ ತೆಗೆಯುವ ಕೆಲಸ. ಮೂವತ್ತು ವರ್ಷ ಅತ್ತೆ ಶೆಡ್ಡಿನಲ್ಲಿ ಕೂತು ಇದನ್ನೇ ಮಾಡಿದಳು. ದಿನವಿಡೀ ಕೆಟ್ಟದ್ದನ್ನೇ ಹುಡುಕಿದ ಕಣ್ಣಿಗೆ ಸಂಜೆ ಮನೆಗೆ ಬಂದ ಮೇಲೆ ಒಳ್ಳೆಯದನ್ನು ನೋಡು ಅಂದರೆ ನೋಡೀತೆ?

ಹತ್ತನೇ ತರಗತಿಯಲ್ಲಿ ನಾನು ಶಾಲೆಗೇ ಮೊದಲು ಬಂದೆ. ಗಣಿತದಲ್ಲಿ ನೂರಕ್ಕೆ ತೊಂಬತ್ತೆರಡು. ಓಣಿಯವರೆಲ್ಲ ಬೆನ್ನು ತಟ್ಟಿದರು. ಅತ್ತೆ ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು, "ಉಳದ ಎಂಟು ಯಾರ ಮನಿಗಿ ಹೋದವು?" ಎಂದಳು. ಕೆಲಸ ಸಿಕ್ಕ ದಿನ ಹೊಸ ಸೀರೆ ಉಟ್ಟು ಮುಂದೆ ನಿಂತರೆ, "ನಿರಿಗಿ ಎಡಕ ಜಗ್ಗೈತಿ" ಎಂದಳು. ನಿಲ್ದಾಣದ ಆ ತುದಿಯಲ್ಲಿ ನಾನು ಬಸ್ಸಿಳಿದರೆ ಈ ತುದಿಯಿಂದಲೇ ನನ್ನ ಸೆರಗಿನ ಚಟ್ನಿ ಕಲೆ ಅವಳಿಗೆ ಕಾಣುತ್ತಿತ್ತು. ಇನ್ನು ನನ್ನನ್ನು ನೋಡಲು ಬಂದ ವರಗಳು! ಒಬ್ಬನ ಚಪ್ಪಲಿ ಒಂದೇ ಬದಿಗೆ ಸವೆದಿತ್ತು, "ನೆಟ್ಟಗ ನಡಿಯೂ ಮನಷಾ ಅಲ್ಲ" ಎಂದು ತೆಗೆದಳು. ಒಬ್ಬ ಚಹಾ ಕುಡಿದು ಬಸಿಯಲ್ಲಿ ಎರಡು ಹನಿ ಬಿಟ್ಟ, ಅವನೂ ಹೋದ. ಇನ್ನೊಬ್ಬನಲ್ಲಿ ಏನೂ ಸಿಗದೆ ಒದ್ದಾಡಿ, ಕೊನೆಗೆ ಅವನ ಅಣ್ಣನಲ್ಲಿ ಹುಡುಕಿ ತೆಗೆದಳು! ನೋಡುತ್ತಾ ನೋಡುತ್ತಾ ರಾಶಿಯೇ ಮುಗಿದುಹೋಯಿತು. ನನಗೆ ಸಿಟ್ಟು ಬರಲಿಲ್ಲವೇ ಎಂದು ಕೇಳಿದರೆ, ಬಂತು. ಬಹಳ ವರ್ಷ ಇತ್ತು. ಗಂಡ ಸಿಗಲಿಲ್ಲ ಎನ್ನುವುದಕ್ಕಿಂತ ಹೆಚ್ಚಾಗಿ, ಒಂದು ದಿನವೂ ಅವಳ ಬಾಯಿಂದ ನನ್ನ ಬಗ್ಗೆ 'ಚಂದ' ಎಂಬ ಮಾತು ಬರಲಿಲ್ಲ ಎಂದು.

ಮೂರು ವರ್ಷದ ಹಿಂದೆ ಅತ್ತೆ ಮೇಲಿಂದ ಮೇಲೆ ಬಾಗಿಲಿಗೆ ಭುಜ ತಾಗಿಸಿಕೊಳ್ಳತೊಡಗಿದಳು. ವಿಜಯಪುರದ ಕಣ್ಣಿನ ಡಾಕ್ಟರ ಬಳಿ ಕರೆತಂದೆ. ಡಾಕ್ಟರು ಗೋಡೆಯ ಮೇಲಿನ ಅಕ್ಷರದ ಫಲಕ ತೋರಿಸಿ, "ಓದ್ರಿ ಅಮ್ಮಾರ" ಎಂದರು.

"ಓದೂದ ಇರ್ಲಿ, ಅದು ಡೊಂಕ ಕುಂತೈತಿ ನೋಡ್ರಿ" ಎಂದಳು ಅತ್ತೆ. ಡಾಕ್ಟರು ಎದ್ದು ಹೋಗಿ ನೋಡಿದರು. ಹೌದು, ಕೂದಲೆಳೆಯಷ್ಟು ಡೊಂಕಾಗಿತ್ತು.

ಇಷ್ಟು ಚೆನ್ನಾಗಿ ಕಾಣುವವಳಿಗೆ ಏನಾಗಿದೆ ಎಂದು ನಾನು ನಕ್ಕೆ. ಡಾಕ್ಟರು ನಗಲಿಲ್ಲ. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಒಣಗುತ್ತಿದೆ, ಕತ್ತಲೆ ಅಂಚಿನಿಂದ ಒಳಗೆ ಬರುತ್ತದೆ, ನಡುವಿನ ನೋಟ ಎಲ್ಲಕ್ಕಿಂತ ಕೊನೆಗೆ ಹೋಗುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ ಎಂದರು. ಎರಡೂ ಪಕ್ಕ ಆಗಲೇ ಬಹಳ ಹೋಗಿತ್ತಂತೆ. ಬಹಳ ತಡವಾಗಿ ಬಂದಿದ್ದೀರಿ, ಹನಿ ಹಾಕಿ ಇದ್ದಷ್ಟು ದಿನ ಕಾಯ್ದುಕೊಳ್ಳಿ ಎಂದು ಚೀಟಿ ಬರೆದರು.

ತಿಕೋಟಾದ ಬಸ್ಸಿನಲ್ಲಿ ಅತ್ತೆ ಅರ್ಧ ದಾರಿಯವರೆಗೂ ಡಾಕ್ಟರ ಚೀಟಿಯನ್ನು ಮಡಿಚಿ ಬಿಚ್ಚಿ ಮಾಡಿದಳು. ಆಮೇಲೆ, "ಸಮುದ್ರ ಎಷ್ಟ ದೂರ ಐತಿ ಬೇ?" ಎಂದು ಕೇಳಿದಳು.

"ಯಾಕ ಅತ್ತಿ?"

"ಕಣ್ಣ ಹೋಗೂದ್ರಾಗ ನಾಕ ಊರ ನೋಡಿಬಿಡೂನು. ಸೊಲ್ಲಾಪುರ, ಪಂಢರಪುರ ಬಿಟ್ಟ ನಾ ಏನ ನೋಡೇನಿ? ಮಣೂಕ ನೋಡೇನಿ."

ಹೀಗೆ ದಸರಾ ರಜೆಯಲ್ಲಿ ಗೋವಾಕ್ಕೆ ಹೋದೆವು. ಗೋವಾಕ್ಕೆ ಜನ ಏನೇನೋ ಮಾಡಲು ಹೋಗುತ್ತಾರೆ, ಅದನ್ನೆಲ್ಲ ಇಲ್ಲಿ ಬರೆಯಲಾಗುವುದಿಲ್ಲ. ನಮ್ಮ ಅತ್ತೆ ದಂಡೆಯ ಮೇಲೆ ನಿಂತು ಸಮುದ್ರವನ್ನು ಒಂದೆರಡು ನಿಮಿಷ ಪರೀಕ್ಷಿಸಿದಳು. "ಒಂದ ಸವನ ಬರವಲ್ವು ಇವು" ಎಂದು ತೆರೆಗಳ ಬಗ್ಗೆ ತೀರ್ಪು ಕೊಟ್ಟಳು. ಆಮೇಲೆ ಟವೆಲ್ಲು ಹಾಸಿ ಕೂತು, ಕೈಗೆ ಸಿಕ್ಕ ಚಿಪ್ಪುಗಳನ್ನೆಲ್ಲ ಗುಡ್ಡೆ ಮಾಡಿ ಆರಿಸತೊಡಗಿದಳು! ಒಡೆದದ್ದು ಎಡಕ್ಕೆ, ಇಡಿಯದ್ದು ಬಲಕ್ಕೆ. ನಾನು ನಾಚಿಕೊಂಡು ಹತ್ತು ಹೆಜ್ಜೆ ದೂರ ಹೋಗಿ ಕೂತೆ. ತಿರುಗಿ ನೋಡಿದರೆ, ಕೊಲ್ಹಾಪುರ ಕಡೆಯಿಂದ ಬಂದಿದ್ದ ಐದಾರು ಹೆಂಗಸರು ಸುತ್ತ ಕೂತು ಅವರೂ ಆರಿಸುತ್ತಿದ್ದಾರೆ. ಯಾಕೆ ಏನು ಎಂದು ಯಾರಿಗೂ ಗೊತ್ತಿಲ್ಲ, ಕೈಗಳು ಮಾತ್ರ ಓಡುತ್ತಿವೆ. ಸಂಜೆಯೊಳಗೆ ಮೂರು ರಾಶಿ ಎದ್ದವು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬಾಕೆ ನಿಂತು, "ಕಸಾ ಕಿಲೋ, ಮಾವಶಿ?" ಎಂದು ಮರಾಠಿಯಲ್ಲಿ ದರ ಕೇಳಿದಳು. ಅತ್ತೆ ತಲೆ ಎತ್ತದೆ, "ತಡೀರಿ, ಇನ್ನಾ ಮಾಲ ತಯಾರಾಗಿಲ್ಲ" ಎಂದಳು. ಗೋವಾಕ್ಕೆ ಹೋಗುವವರಿಗೆ ನನ್ನ ಸಲಹೆ ಇಷ್ಟೇ: ಒಂದು ಮೊರ ಜೊತೆಗಿರಲಿ.

ಮರಳುವ ಬಸ್ಸಿನಲ್ಲಿ ಅತ್ತೆ, "ಅದು ಎಡಕ ಬಲಕ ಎಲ್ಲಿ ತನಕ ಇತ್ತು?" ಎಂದು ಕೇಳಿದಳು.

"ಎಲ್ಲಿ ತನಕಂದ್ರ... ಮುಗಿಯೂದ ಇಲ್ಲ ಅತ್ತಿ ಅದು."

"ಹೌದೇನ? ನನಗ ಬಾಗಲದಷ್ಟ ಕಾಣ್ತು."

ನಾನು ಕಿಟಕಿಯ ಕಡೆ ತಿರುಗಿ ಕೂತೆ. ಅಷ್ಟು ದೊಡ್ಡ ಸಮುದ್ರವನ್ನು ತೋರಿಸಲು ಕರೆದೊಯ್ದು, ನಾನು ಅವಳಿಗೆ ಒಂದು ಬಾಗಿಲಿನಷ್ಟೇ ತೋರಿಸಿ ತಂದಿದ್ದೆ.

ಎರಡನೆಯದು ಹಂಪಿ. ಅಲ್ಲಿ ಅತ್ತೆಯ ಬುದ್ಧಿಗೆ ಮೊದಲ ಸಲ ದಿಕ್ಕು ತಪ್ಪಿತು. ಒಂದು ಕೈ ಮುರಿದ ಮೂರ್ತಿ ಕಂಡಳು, "ಇದರ ಕೈ ಹೋಗೈತಿ" ಎಂದಳು. ಮುಂದಿನದಕ್ಕೆ ಮೂಗಿರಲಿಲ್ಲ. ಅದರ ಮುಂದಿನದಕ್ಕೆ ತಲೆಯೇ ಇರಲಿಲ್ಲ. ಅರ್ಧ ತಾಸಿನಲ್ಲಿ ಹೇಳಿ ಹೇಳಿ ಸುಸ್ತಾಗಿ ಒಂದು ಕಲ್ಲಿನ ಮೇಲೆ ಕೂತುಬಿಟ್ಟಳು. "ಇಡೀ ರಾಶೀನ ಒಡದೈತಲ್ಲ ಬೇ! ಇದನ್ನ ಯಾವಾಕಿ ಆರಸ್ತಾಳ?"

ನಮ್ಮ ಜೊತೆಗಿದ್ದ ಗೈಡು ಪಾಪ ಸಂಭಾವಿತ ಮನುಷ್ಯ. ಇದೆಲ್ಲ ಯುದ್ಧದಲ್ಲಿ ಹಾಳಾದದ್ದು ಎಂದು ತಿಳಿಸಿ ಹೇಳಿದ. ಅತ್ತೆ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಂಗಾರ ಉಲ್ಟಾ ಹಿಡೀಬೇಕು. ಕೆಟ್ಟದ್ದ ಭಾಳ ಇದ್ದಾಗ ನಾವು ಚೊಲೋದನ್ನ ಆರಿಸಿ ತಗೀತೇವಿ" ಎಂದು ಎದ್ದಳು. ಅಲ್ಲಿಂದ ಮುಂದೆ ಅವಳು ಇಡಿಯದ್ದನ್ನು ಮಾತ್ರ ಹುಡುಕಿದಳು. ಸಾಲು ಕೆತ್ತನೆಯಲ್ಲಿ ಎಲ್ಲೋ ಒಂದು ಆನೆ ಸೊಂಡಿಲ ಸಮೇತ ಪೂರ್ತಿ ಉಳಿದಿತ್ತು, ಅದನ್ನು ಹಿಡಿದಳು. ಒಂದು ಹಂಸದ ಕೊಕ್ಕು ಉಳಿದಿತ್ತು. ಒಬ್ಬ ನರ್ತಕಿಯ ಐದೂ ಬೆರಳು ಉಳಿದಿದ್ದವು, ಎಣಿಸಿ ತೋರಿಸಿದಳು. ಹಿಂದೆ ಬರುತ್ತಿದ್ದ ಪ್ರವಾಸಿಗಳು ಗೈಡನನ್ನು ಬಿಟ್ಟು ಅತ್ತೆಯ ಬೆನ್ನು ಹತ್ತಿದರು! ಅಷ್ಟರಲ್ಲಿ ಅವಳು ಪಕ್ಕದಲ್ಲಿದ್ದ ಮೆಟ್ಟಿಲು ಕಾಣದೆ ಬಿದ್ದಳು. ಮೂವತ್ತು ಅಡಿ ದೂರದ ಬೆರಳು ಕಾಣುತ್ತದೆ, ಕಾಲ ಬದಿಯ ಕಲ್ಲು ಕಾಣುವುದಿಲ್ಲ. ಮೊಣಕಾಲಿಗೆ ಅರಿಶಿನ ಒತ್ತುತ್ತಾ ನಾನು ಬೈದೆ. ಅವಳು, "ಇದೊಂದು ಕಾಲ ಬಿಟ್ರ ಉಳದದ್ದೆಲ್ಲಾ ಬರೋಬ್ಬರಿ ಐತಿ, ಸುಮ್ನಿರು" ಎಂದಳು.

ಊರಿಗೆ ಬಂದ ಮೇಲೆ ಶೆಡ್ಡಿನಲ್ಲಿ ಅತ್ತೆಯ ಕಿಮ್ಮತ್ತು ಏರಿತು. ಯಾರಾದರೂ ಎಲ್ಲಿಗಾದರೂ ಹೊರಟರೆ ಮೊದಲು ಅವಳನ್ನು ಕೇಳುವುದು. "ಹಂಪಿಗಿ ಹೋದ್ರ ಬೆಳಕ ಹರದ ಕೂಡ್ಲೆ ಹೋಗ್ರಿ, ಬಿಸಲ ಏರಿದ ಮ್ಯಾಲ ಕಲ್ಲೂ ಬೈತಾವ. ರೊಟ್ಟಿ ಕಟಗೊಂಡ ಹೋಗ್ರಿ, ಹೋಟೆಲಿನ ಅನ್ನದಾಗ ಹರಳ ಇರ್ತಾವ" ಎಂದು ಮೈಸೂರಿನಿಂದ ಕಾಶಿಯವರೆಗೆ, ನೋಡದ ಊರಿಗೂ ಸಲಹೆ ಕೊಡುತ್ತಿದ್ದಳು.

ಅದೇ ಶೆಡ್ಡಿನಲ್ಲಿ ಒಂದು ಮಧ್ಯಾಹ್ನ ಅವಳು ನೀರು ಕುಡಿಯಲು ಎದ್ದು ಹೋದವಳು ಬೇಗ ತಿರುಗಿ ಬಂದಳು. ಅಕ್ಕಪಕ್ಕದ ಇಬ್ಬರು ಹೆಂಗಸರು ಅವಳು ಆರಿಸಿಟ್ಟ ರಾಶಿಯನ್ನು ಲಗುಲಗು ಮತ್ತೊಮ್ಮೆ ಆರಿಸುತ್ತಿದ್ದರು. ಅತ್ತೆಯನ್ನು ಕಂಡು ಕೈ ಹಿಂದೆಗೆದರು. ವಿಚಾರಿಸಿದರೆ, ನಾಲ್ಕು ತಿಂಗಳಿಂದ ದಿನವೂ ಹೀಗೆ ನಡೆದಿತ್ತು. ಅವಳ ರಾಶಿಯಲ್ಲಿ ಕಪ್ಪು ಕಾಳು ಉಳಿಯುತ್ತಿದ್ದವು, ಇವರು ಗುಟ್ಟಾಗಿ ತೆಗೆದುಹಾಕುತ್ತಿದ್ದರು. ಮಾಲೀಕನಿಗೆ ಸುಳಿವೇ ಹತ್ತಿರಲಿಲ್ಲ.

ಅವಳು ಯಾರಿಗೂ ಬಯ್ಯಲಿಲ್ಲ. ಕೂತ ಜಾಗ ಗುಡಿಸಿ, ಮೊರ ಗೋಡೆಗೆ ಒರಗಿಸಿ ಮನೆಗೆ ಬಂದಳು. ನನಗೆ ಫೋನು ಮಾಡಿ, "ನಾಕ ತಿಂಗಳ ಅವು ನನ್ನ ಮುಂದನ ಇದ್ವು ಬೇ. ನನಗ ಕಾಣಲಿಲ್ಲ" ಎಂದಳು. ನಾನು ಬಬಲೇಶ್ವರದಲ್ಲಿ ತರಗತಿಯ ಹೊರಗೆ ನಿಂತಿದ್ದೆ. "ಊಟ ಮಾಡೀಯೇನ?" ಎಂದು ಕೇಳಿದೆ. ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮುಂದಿನ ಮಳೆಗಾಲದಲ್ಲಿ ಜೋಗಕ್ಕೆ ಹೋದೆವು. ಅತ್ತೆ ಈಗ ನನ್ನ ತೋಳು ಹಿಡಿದೇ ನಡೆಯುತ್ತಿದ್ದಳು. "ನಡುವಿಂದು ಇನ್ನಾ ಚೊಲೊ ಕಾಣತೈತಿ" ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. ಜಲಪಾತ ನೋಡುವ ಕಟ್ಟೆಯ ಬಳಿ ನಿಂತೆವು. ಅವಳ ಬೆರಳುಗಳು ಒಮ್ಮೆಲೇ ನನ್ನ ತೋಳಿನೊಳಗೆ ಇಳಿದವು.

"ಏನಾತು ಅತ್ತಿ?"

"ಏನಿಲ್ಲ" ಎಂದಳು. "ನೀರು ಯಾವ ಕಡೆ ಐತಿ?"

ಅಷ್ಟರಲ್ಲಿ ಪಕ್ಕದಲ್ಲಿದ್ದ ದಾವಣಗೆರೆಯ ಯಜಮಾನರೊಬ್ಬರು ಕೊಡೆ ಬಡಿದು ಕೂಗಿದರು: "ಥೂ! ಆರು ತಾಸು ಗಾಡಿ ಓಡಿಸ್ಕೊಂಡು ಬಂದ್ರೆ ಬರೀ ಮಂಜು! ಏನಂದ್ರೆ ಏನೂ ಕಾಣ್ತಿಲ್ಲ!"

ಅತ್ತೆ ಸರಕ್ಕನೆ ಅವರ ಕಡೆ ತಿರುಗಿದಳು. "ಏನ್ರಿ? ನಿಮಗೂ ಕಾಣವಲ್ದೇನ್ರಿ?"

"ಎಲ್ಲಿ ಕಾಣ್ತದಮ್ಮ? ಯಾರಿಗೂ ಕಾಣ್ತಿಲ್ಲ!"

"ಯಾರಿಗೂ ಕಾಣವಲ್ದಂತ ಬೇ!" ಎಂದು ಅತ್ತೆ ನಕ್ಕಳು. ಮುಖ ಮೇಲೆತ್ತಿ, ಮಳೆಯಲ್ಲಿ ನೆನೆಯುತ್ತಾ, ಜೋರಾಗಿ ನಕ್ಕಳು. ಸುತ್ತ ನೂರು ಜನ ಪ್ರವಾಸ ಹಾಳಾಯಿತೆಂದು ಗೊಣಗುತ್ತಿದ್ದರು, ಜೋಗ ಕಾಣದೆ ಸಂತೋಷಪಟ್ಟವಳು ಅವತ್ತು ಅವಳೊಬ್ಬಳೇ. ಅಂಗಡಿಗೆ ಹೋಗಿ ಆ ಯಜಮಾನರಿಗೂ ಒಂದು ಮೆಕ್ಕೆತೆನೆ ಕೊಡಿಸಿದಳು. ಅವರು ಯಾಕೆಂದು ತಿಳಿಯದೆ ತಿಂದರು. ಮಂಜು ಸರಿಯಲಿ ಎಂದು ನಾನು ಎರಡು ತಾಸು ಕಾದೆ. ಸರಿಯಲಿಲ್ಲ. ಸರಿದಿದ್ದರೆ ಏನಾಗುತ್ತಿತ್ತೋ ಎಂದು ಆಮೇಲೆ ಹೆದರಿಕೊಂಡೆ.

ಜೋಗದಿಂದ ಬಂದ ಮೇಲೆ ಅತ್ತೆಯನ್ನು ಇಬ್ರಾಹಿಂಪುರಕ್ಕೆ ಕರೆತಂದೆ. ಬರುವುದಿಲ್ಲ ಎಂದು ಎಂಟು ದಿನ ಹಟ ಹಿಡಿದಳು. ಬಂದ ಮೇಲೆ ನನ್ನ ಮನೆಯನ್ನು ಆರಿಸತೊಡಗಿದಳು. "ಹಾಲಿನ ಪಾತೇಲಿಗಿ ಕರಿ ಹಾಂಗ ಉಳದೈತಿ." "ಪಡದೆ ಮ್ಯಾಲ ಧೂಳ ಕುಂತೈತಿ." "ಎದುರಿನ ಮನಿಯಾಕಿ ರಂಗೋಲಿ ಒಂದ ಗೆರಿ ಬಿಟ್ಟಾಳ." ಬಯ್ಗುಳ ಕೇಳಿ ನನಗೆ ಬೇಸರವಾಗುತ್ತಿರಲಿಲ್ಲ. ಇನ್ನೂ ಕಾಣುತ್ತಿದೆಯಲ್ಲ ಎಂದು ಸಮಾಧಾನವಾಗುತ್ತಿತ್ತು. ಬೈಯಲಿ ಎಂದೇ ಒಮ್ಮೊಮ್ಮೆ ಪಾತ್ರೆ ಸರಿಯಾಗಿ ತಿಕ್ಕದೆ ಬಿಡುತ್ತಿದ್ದೆ.

ಈ ಚಳಿಗಾಲದಲ್ಲಿ, "ಮನಿ ಮುಂದಿಂದೊಂದು ಉಳೀತಲ್ಲ ಬೇ" ಎಂದಳು. ಗೋಳಗುಮ್ಮಟ! ನಮ್ಮೂರಿನವರಿಗೆ ಗೋಳಗುಮ್ಮಟವೆಂದರೆ ಬೀಗರು ಬಂದಾಗ ತೋರಿಸುವ ವಸ್ತು. ಅವರು ಮೇಲೆ ಹತ್ತುತ್ತಾರೆ, ನಾವು ಕೆಳಗೆ ಹುಲ್ಲಿನ ಮೇಲೆ ಕೂತು ಶೇಂಗಾ ತಿನ್ನುತ್ತೇವೆ. ಅತ್ತೆ ಹೀಗೆ ಹತ್ತಾರು ಸಲ ಕೂತಿದ್ದಾಳೆ, ಒಮ್ಮೆಯೂ ಹತ್ತಿರಲಿಲ್ಲ. ನೀವು ಹೋಗುವುದಾದರೆ ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಹೋಗಿ. ತಡವಾದರೆ ಶಾಲೆಗಳ ಪ್ರವಾಸದ ಮಕ್ಕಳು ಬಂದು ಕಿರುಚಿ ಕಿರುಚಿ ಗುಮ್ಮಟ ಹಾರಿಸುತ್ತಾರೆ. ಆ ಮಕ್ಕಳನ್ನು ಕರೆದೊಯ್ಯುವ ಟೀಚರುಗಳಲ್ಲಿ ನಾನೂ ಒಬ್ಬಳು, ಅದಕ್ಕೇ ಹೇಳುತ್ತಿದ್ದೇನೆ.

ಭಾನುವಾರ ಬೆಳಿಗ್ಗೆ ಕರೆಂಟು ಹೋಗಿತ್ತು. ಕತ್ತಲಲ್ಲೇ ಗಡಿಬಿಡಿಯಿಂದ ತಯಾರಾದೆ. ಬೆಳಕಾದ ಮೇಲೆ ಕಟ್ಟೆಯ ಮೇಲೆ ಇಬ್ಬರೂ ಎದುರುಬದುರು ಕೂತು ಚಹಾ ಕುಡಿದೆವು. ಆಟೋದಲ್ಲಿ ಹೋಗಿ ಇಳಿದೆವು. ಮೂಲೆಯ ಗೋಪುರದೊಳಗಿನ ಸುತ್ತು ಮೆಟ್ಟಿಲು ಕಿರಿದು, ಕಡಿದು, ಕತ್ತಲೆ. ನಾನು ಏದುಸಿರು ಬಿಡುತ್ತಾ ತಡವರಿಸಿದೆ. ಅತ್ತೆ ಗೋಡೆ ಮುಟ್ಟುತ್ತಾ ನನಗಿಂತ ಸಲೀಸಾಗಿ ಹತ್ತಿದಳು. "ಕತ್ತಲಿ ರೂಢಿ ಆಗೈತಿ ನನಗ" ಎಂದು ನಗೆಯಾಡಿದಳು.

ಮೇಲಿನ ಬಯಲಿಗೆ ಬಂದು ಬಿಸಿಲಿಗೆ ನಿಂತಾಗ, ಗದಗದ ಕಡೆಯ ಹೆಣ್ಣುಮಗಳೊಬ್ಬಳು ಹತ್ತಿರ ಬಂದು ನನ್ನ ಕಿವಿಯಲ್ಲಿ, "ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ, ಸೀರಿ ಉಲ್ಟಾ ಉಟ್ಟೀರಿ" ಎಂದಳು.

ನೋಡಿಕೊಂಡೆ. ಅಂಚಿನ ದಾರಗಳೆಲ್ಲ ಹೊರಗೆ ನೇತಾಡುತ್ತಿವೆ, ಕೆಳಗೆ ಫಾಲಿನ ಪಟ್ಟಿ ಇಷ್ಟಗಲ ಕಾಣುತ್ತಿದೆ! ಮೊದಲು ನಗು ಬಂತು. ಆಮೇಲೆ ಚಹಾ ಕುಡಿದದ್ದು ನೆನಪಾಯಿತು. ಬೆಳಕಿನಲ್ಲಿ, ಮೊಳದ ದೂರದಲ್ಲಿ, ನನ್ನ ಮುಖಕ್ಕೆ ಮುಖ ಕೊಟ್ಟು ಕೂತಿದ್ದ ಅತ್ತೆ ಏನೂ ಅಂದಿರಲಿಲ್ಲ. ನಡುವಿನದೂ ಹೋಗಿತ್ತು. ಎಂದು ಹೋಯಿತೋ, ಎಷ್ಟು ತಿಂಗಳಾಯಿತೋ! ಹಾಲಿನ ಪಾತ್ರೆಯ ಕರಿ, ಪರದೆಯ ಧೂಳು, ರಂಗೋಲಿಯ ಗೆರೆ, ಇಷ್ಟು ದಿನ ಅವಳು ಬೈದದ್ದೆಲ್ಲ ಅಂದಾಜಿನ ಮೇಲೆ. ಕಾಣುತ್ತಿದೆ ಎಂದು ನಾನು ನಂಬಿಕೊಂಡಿರಲಿ ಎಂದು ಬೈದದ್ದು.

ನಾನು ಏನೂ ಆಗದವಳಂತೆ ಅವಳ ಕೈ ಹಿಡಿದು ಗುಮ್ಮಟದೊಳಗಿನ ಸುತ್ತು ಮೊಗಸಾಲೆಗೆ ಕರೆದೊಯ್ದೆ. ಇಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯ ಗೋಡೆಗೆ ಕಿವಿಯಿಟ್ಟವರಿಗೆ ಕೇಳಿಸುತ್ತದೆ. ಆ ಹೊತ್ತಿನಲ್ಲಿ ಒಳಗೆ ಬೇರೆ ಯಾರೂ ಇರಲಿಲ್ಲ. ಅತ್ತೆ ಗೋಡೆಗೆ ಒರಗಿ ನೆಲದ ಮೇಲೆ ಕೂತು, "ನಾ ಇಲ್ಲೇ ಗ್ವಾಡಿ ಹಿಡಕೊಂಡ ಇರ್ತೇನಿ. ನೀ ಆ ಕಡೆ ಹೋಗು, ಒಂದ ಮಾತ ಹೇಳೂದೈತಿ" ಎಂದಳು.

ಅರ್ಧ ಸುತ್ತು ನಡೆದು ಎದುರಿಗೆ ಹೋಗಿ ಕೂತೆ. ಆ ಕಡೆಯಲ್ಲಿ ಅತ್ತೆ ಸಣ್ಣಗೆ, ಮುದುಡಿ, ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ನಾನು ಕಲ್ಲಿಗೆ ಕಿವಿ ಹಚ್ಚಿದೆ. ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿ ಅವಳ ದನಿ ಬಂತು.

"ಇವತ್ತ ಭಾಳ ಚಂದ ಕಾಣಾಕತ್ತಿ ಬೇ ನೀ. ಮೊದಲಿಂದ ಚಂದ ಇದ್ದಿ. ನಿನ್ನಾಗ ಆರಿಸಿ ತಗ್ಯೂದು ಏನೂ ಇಲ್ಲ."

ಈ ಮಾತಿಗಾಗಿ ನಾನು ಇಡೀ ಜೀವಮಾನ ಕಾದಿದ್ದೆ. ಈಗ ಅದು ಬೇಡವಾಗಿತ್ತು. ನಿರಿಗೆ ಎಡಕ್ಕೆ ಜಗ್ಗಿದೆ ಎನ್ನಲಿ, ಬುದ್ಧಿ ಇಲ್ಲೇನು, ಸೀರೆ ಉಲ್ಟಾ ಉಟ್ಟೀಯಲ್ಲ ಎಂದು ಇಡೀ ಗುಮ್ಮಟ ಕೇಳುವಂತೆ ಒದರಲಿ ಎಂದು ಜೀವ ಒದ್ದಾಡಿತು. ಉಲ್ಟಾ ಸೀರೆಯ ಸೆರಗಿನಿಂದ ಬಾಯಿ ಒತ್ತಿಕೊಂಡೆ. ಅಳುವ ಸದ್ದು ಅವಳಿಗೆ ಮುಟ್ಟಬಾರದಿತ್ತು.

"ಇನ್ನೊಮ್ಮೆ ನೋಡು ಅತ್ತಿ" ಎಂದೆ ಗೋಡೆಗೆ. "ಬರೋಬ್ಬರಿ ನೋಡಿ ಹೇಳು."

ಮತ್ತೆ ಕಲ್ಲಿಗೆ ಕಿವಿ ಹಚ್ಚಿದೆ. ಆಮೇಲೆ ಕಲ್ಲಿನೊಳಗಿಂದ ಮೆಲ್ಲಗೆ ಬಂತು:

"ನೋಡೇ ಹೇಳಾಕತ್ತೇನಿ, ನನ್ನವ್ವಾ."